ಜೋಡಿ ಇಲ್ಲದ ಕುಸ್ತಿ

ತಿಪಟೂರು ಸೀಮೆಯ ಅರಳಗುಪ್ಪೆಯಂಥ ಊರಿನ ಹುಡುಗನೊಬ್ಬನಿಗೆ ಜಿಯು-ಜಿತ್ಸು ಕಲಿಯಬೇಕೆಂದು ಮನಸ್ಸಾಯಿತು ಅನ್ನಿ. ಫೋನಿನಲ್ಲಿ ಬೇಕಾದಷ್ಟು ವೀಡಿಯೊಗಳಿವೆ. ಉರುಳಾಡಲು ಜಾಗಕ್ಕೇನೂ ಬರವಿಲ್ಲ. ಕೊಬ್ಬರಿ ಅಟ್ಟದ ಕೆಳಗೆ ತಾಡಪಾಲು ಹಾಸಿದರಾಯಿತು, ಇಲ್ಲವೇ ತೋಟವೇ ಇದೆ. ಇಲ್ಲದ್ದು ಎದುರಾಳಿ ಮಾತ್ರ. ಓರಗೆಯವರು ಅರ್ಧ ಜನ ಬೆಂಗಳೂರು ಸೇರಿದ್ದಾರೆ. ಉಳಿದವರು ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಹಗಲು ಕಾಯಿ ಸುಲಿದು, ಸಂಜೆ ಮೋಟರ್ ಹಾಕಲು ಕರೆಂಟ್ ಕಾಯುತ್ತಾರೆ; 'ಬಾರೋ, ನನ್ನ ಕತ್ತು ಹಿಡಿ, ಬಿಡಿಸ್ಕೋತೀನಿ' ಎಂದರೆ ನಕ್ಕು ಹೋಗುತ್ತಾರೆ. ಕಲಿಸುವ ಕೇಂದ್ರಗಳಿರುವುದು ಬೆಂಗಳೂರಿನಲ್ಲಿ. ತಿಪಟೂರಿನಿಂದಲೇ ಅದು ಸುಮಾರು 140 ಕಿಲೋಮೀಟರ್. ಹಾಗಾದರೆ ಒಬ್ಬನೇ ಕಲಿಯಬಹುದೇ? ಎಷ್ಟು ಕಲಿಯಬಹುದು? ಎಲ್ಲಿಗೆ ನಿಲ್ಲಬೇಕು?

ಈ ಪ್ರಶ್ನೆ ಹೊಸದೆಂದು ಅನೇಕರು ತಿಳಿದಿದ್ದಾರೆ. ಹೊಸದು ಫೋನು ಮಾತ್ರ. ಮೈಗೆ ಮೈ ಕೊಟ್ಟು ಹೋರಾಡುವ ವಿದ್ಯೆಯಲ್ಲಿ ಒಂಟಿಯಾಗಿ ಮಾಡುವುದೆಷ್ಟು, ಜೋಡಿಯಾಗಿ ಮಾಡುವುದೆಷ್ಟು ಎಂಬ ಲೆಕ್ಕವನ್ನು ಕನ್ನಡ ನಾಡು ಒಂಬೈನೂರು ವರ್ಷಗಳ ಹಿಂದೆಯೇ ಹಾಕಿಟ್ಟಿದೆ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವೊಂದಿದೆ. ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವುದು ಹೇಗೆ, ಅವರಿಗೆ ಅರಮನೆಯಿಂದ ಏನೇನು ಊಟ ಹೋಗಬೇಕು ಎಂಬುದೆಲ್ಲ ಅಲ್ಲಿದೆ. ಅವರು ಮಾಡಬೇಕಾದ ಶ್ರಮಗಳ ಪಟ್ಟಿಯೂ ಇದೆ: ತೂಕ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿಗಿಳಿದು ಮಾಡುವ ಸಲಿಲಶ್ರಮ, ತೋಳಿಗೆ ತೋಳು ಕೊಟ್ಟು ಸೆಣಸುವ ಬಾಹುಪೆಲ್ಲಣಕ, ಕಂಬ ಹತ್ತಿ ಮಾಡುವ ಸ್ತಂಭಶ್ರಮ. ಈ ಐದರಲ್ಲಿ ನಾಲ್ಕಕ್ಕೆ ಇನ್ನೊಬ್ಬ ಬೇಕಾಗಿಲ್ಲ. ಇನ್ನೂ ಒಂದು ಸಂಗತಿ ನನಗೆ ಮುಖ್ಯವಾಗಿ ಕಾಣುತ್ತದೆ. ಪಟ್ಟುಗಳ ವಿಷಯಕ್ಕೆ ಬಂದಾಗ ಗ್ರಂಥ ಅವುಗಳ ಹೆಸರು ಹೇಳುತ್ತದೆ, ಹಾಕುವ ಕ್ರಮವನ್ನು ವಿವರಿಸುವುದಿಲ್ಲ. ಅಡುಗೆಯಿಂದ ಆನೆಯವರೆಗೆ ಎಲ್ಲವನ್ನೂ ಬಿಡಿಸಿ ಬರೆದ ದೊರೆಗೆ ಇಲ್ಲಿ ಮಾತು ಸಾಲದೆ ಹೋಯಿತೆಂದಲ್ಲ. ಬರೆದು ಹೇಳಿದರೆ ಪಟ್ಟು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿದ್ದಿರಬೇಕು.

ನಾಲ್ಕು ನೂರು ವರ್ಷ ಈಚೆಗೆ ಬನ್ನಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೃಷ್ಣದೇವರಾಯನ ಬೆಳಗಿನ ದಿನಚರಿಯನ್ನು ಬರೆದಿಟ್ಟಿದ್ದಾನೆ. ದೊರೆ ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿಯುತ್ತಾನೆ, ಅದನ್ನೇ ಮೈಗೆ ಹಚ್ಚಿಸಿಕೊಳ್ಳುತ್ತಾನೆ, ಸೊಂಟಕ್ಕೊಂದು ತುಂಡು ಬಟ್ಟೆ ಕಟ್ಟಿ ಮಣ್ಣಿನಿಂದ ಮಾಡಿದ ಭಾರಿ ತೂಕಗಳನ್ನು ತೋಳಿನಲ್ಲಿ ಎತ್ತುತ್ತಾನೆ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ಬೀಸುತ್ತಾನೆ. ಅದಾದ ಮೇಲೆ ತನ್ನ ಜಟ್ಟಿಗಳಲ್ಲೊಬ್ಬನ ಜೊತೆ ಕುಸ್ತಿ. ಕೊನೆಗೆ ಕುದುರೆ ಸವಾರಿ. ಇಲ್ಲಿ ಕ್ರಮ ಗಮನಿಸಬೇಕು. ಮೊದಲು ಒಂಟಿ ಶ್ರಮ, ಆಮೇಲೆ ಜೋಡಿ. ಮೈ ದಣಿದಾಗಲೇ ಎದುರಾಳಿಯನ್ನು ಕರೆಯುವುದು. ಅಷ್ಟು ದೊಡ್ಡ ಸಾಮ್ರಾಜ್ಯದ ದೊರೆಗೂ ದಿನಕ್ಕೊಬ್ಬ ಎದುರಾಳಿ ಬೇಕಿತ್ತು. ಮಹಾನವಮಿ ದಿಬ್ಬದ ಕಲ್ಲುಪಟ್ಟಿಕೆಗಳಲ್ಲೂ ಜಟ್ಟಿಗಳು ಜೋಡಿಯಾಗಿಯೇ ಹಿಡಿದುಕೊಂಡು ನಿಂತಿದ್ದಾರೆ.

ಹಳೆಯ ಮೈಸೂರಿನ ಗರಡಿ ಮನೆ ಈ ಕ್ರಮವನ್ನೇ ಇಟ್ಟುಕೊಂಡಿತು. ತಲೆ ಬಗ್ಗಿಸಿ ಒಳಗೆ ಹೋಗುವಷ್ಟು ಗಿಡ್ಡ ಬಾಗಿಲು, ಎದುರಿಗೆ ಆಂಜನೇಯ, ನಡುವೆ ಕೆಮ್ಮಣ್ಣಿನ ಮಟ್ಟಿ. ಮಟ್ಟಿಗೆ ಇಳಿಯುವ ಮೊದಲು ಸಾಮು. ದಂಡೆ ಹೊಡೆಯುವವನನ್ನು ಹತ್ತಿರದಿಂದ ನೋಡಿ. ಅಂಗೈ, ಕಾಲ್ಬೆರಳು ನೆಲಕ್ಕೆ ಊರಿ ಸೊಂಟ ಮೇಲೆತ್ತಿ ನಿಲ್ಲುತ್ತಾನೆ. ಮೊದಲು ತಲೆ ಕೆಳಗಿಳಿಯುತ್ತದೆ, ಹಿಂದೆಯೇ ಎದೆ ಮಣ್ಣು ಸವರಿಕೊಂಡು ಮುಂದೆ ಜಾರುತ್ತದೆ, ಹೊಟ್ಟೆ ಇನ್ನೂ ಕೆಳಗಿರುವಾಗಲೇ ತಲೆ ಎದ್ದಿರುತ್ತದೆ, ಆಮೇಲೆ ಸೊಂಟ ಹಿಂದಕ್ಕೆ ಸರಿದು ಮೊದಲಿನ ಜಾಗಕ್ಕೆ ಬರುತ್ತದೆ. ಇದು ಬರೀ ತೋಳಿನ ಕಸರತ್ತು ಎಂದುಕೊಂಡರೆ ತಪ್ಪು. ಬೋರಲು ಬಿದ್ದವನ ಬೆನ್ನಮೇಲೆ ಎದುರಾಳಿ ಕೂತಾಗ ಅವನು ಏಳಬೇಕಾದ ದಾರಿಯೇ ಇದು. ತಲೆ ಮೊದಲು, ಸೊಂಟ ಕಡೆಗೆ. ಬಸ್ಕಿಯಲ್ಲಿ ತೊಡೆ ಗಟ್ಟಿಯಾಗುತ್ತದೆ, ಉಸಿರು ಉದ್ದವಾಗುತ್ತದೆ. ಗದೆಯನ್ನು ತಲೆಯ ಹಿಂದೆ ಬೀಸಿ ತರುವಾಗ ಹೆಗಲ ಕೀಲು ಸುತ್ತುವ ರೀತಿಯೇ ಎದುರಾಳಿಯ ಕತ್ತು ಹಿಡಿದು ಎಳೆಯುವಾಗಲೂ ಬೇಕು. ಕಲ್ಲಿನ ಉಂಗುರ ಕತ್ತಿಗೆ ಹಾಕಿಕೊಂಡು ಬಸ್ಕಿ ಹೊಡೆಯುವುದು ಕತ್ತಿನ ಬಲಕ್ಕೆ. ಉತ್ತರ ಕರ್ನಾಟಕದ ತಾಲೀಮಿನಲ್ಲಿ ಸಂಗ್ರಾಣಿ ಕಲ್ಲು ಎತ್ತುವುದೂ ಇದೇ ಬಗೆಯದು. ಒಂಟಿ ಸಾಮಿನ ಒಂದೊಂದು ಚಲನೆಯ ಹಿಂದೆಯೂ ಕಣ್ಣಿಗೆ ಕಾಣದ ಎದುರಾಳಿಯೊಬ್ಬನಿದ್ದಾನೆ. ಮಾಡುವವನಿಗೆ ಅವನು ಗೊತ್ತಿರಬೇಕು, ಅಷ್ಟೇ.

ಗಾಮಾ ಪೈಲ್ವಾನನ ಹೆಸರು ಹೇಳದೆ ಈ ಮಾತು ಮುಗಿಯುವುದಿಲ್ಲ. ದಿನಕ್ಕೆ ಸಾವಿರಾರು ಬಸ್ಕಿ, ಸಾವಿರಾರು ದಂಡೆ ಎಂಬ ಕತೆ ಎಲ್ಲರಿಗೂ ಗೊತ್ತು. ಜಿಮ್ಮಿನ ಗೋಡೆಗಳ ಮೇಲೂ ಬಂದಿದೆ. ಅದೇ ಗಾಮಾ ದಿನಕ್ಕೆ ನಲವತ್ತು ಜನರ ಜೊತೆ ಜೋಡಿ ಆಡುತ್ತಿದ್ದನಂತೆ ಎಂಬ ಕತೆಯ ಇನ್ನೊಂದರ್ಧವನ್ನು ಗೋಡೆಗೆ ಬರೆಸಿದವರು ಕಡಿಮೆ. ಎರಡೂ ಅಂಕಿಗಳು ಬಾಯಿಂದ ಬಾಯಿಗೆ ಬೆಳೆದಿರಬಹುದು, ಬಿಡಿ. ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಬಿಟ್ಟಿದ್ದೇವೆ ಎಂಬುದಷ್ಟೇ ನನ್ನ ತಕರಾರು.

ಬಿಟ್ಟಿದ್ದು ಹೇಗೆ ಎಂಬುದಕ್ಕೆ ಮೈಸೂರು ಸಂಸ್ಥಾನದ ಚರಿತ್ರೆಯಲ್ಲೇ ಸಾಕ್ಷಿ ಇದೆ. 1896ರಲ್ಲಿ ಬೆಂಗಳೂರಿನಿಂದ ಎಸ್. ಭಾರದ್ವಾಜರ 'ವ್ಯಾಯಾಮ ದೀಪಿಕೆ' ಹೊರಬಂತು. ದೇಶೀ ಪದ್ಧತಿಯ ಅಂಗಸಾಧನೆಗಳನ್ನು, ದಂಡೆಯ ನಾನಾ ಬಗೆಗಳನ್ನು ವಿವರಿಸುವ ಪುಸ್ತಕ ಅದು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ ಶುರುವಾಯಿತು. ಅಲ್ಲಿ ರೂಪುಗೊಂಡ ಆಸನಗಳ ಸರಣಿಯಲ್ಲಿ ಗರಡಿಯ ದಂಡೆಯ ನೆರಳಿದೆ ಎಂದು ಅರಮನೆಯ ದಾಖಲೆಗಳನ್ನು ಅಧ್ಯಯನ ಮಾಡಿದ ನಾರ್ಮನ್ ಶೋಮನ್ 1996ರಲ್ಲಿ ವಾದಿಸಿದರು. ಈ ವಾದವನ್ನು ಒಪ್ಪದವರಿದ್ದಾರೆ. ಆದರೂ ಕೆಳಗಿಳಿದು, ಎದೆ ಮುಂದೆ ತಂದು, ತಲೆ ಎತ್ತಿ, ಸೊಂಟ ಹಿಂದಕ್ಕೆ ಒಯ್ಯುವ ಸರಣಿಯನ್ನು ಗರಡಿಯಲ್ಲೂ ಕಂಡು ಯೋಗಶಾಲೆಯಲ್ಲೂ ಕಂಡವರಿಗೆ ನಂಟು ತಳ್ಳಿಹಾಕುವುದು ಕಷ್ಟ. ಶೋಮನ್ ಹೇಳುವುದು ನಿಜವಾದರೆ ಕುಸ್ತಿಯ ಒಂಟಿ ಭಾಗ ಜೋಡಿಯನ್ನು ಗರಡಿಯಲ್ಲೇ ಬಿಟ್ಟು ಜಗತ್ತು ಸುತ್ತಿ ಬಂದಿದೆ. ಲಾಸ್ ಏಂಜಲೀಸಿನಲ್ಲಿ ಚಾಪೆ ಹಾಸಿ ಆ ಸರಣಿ ಮಾಡುವವರಿಗೆ ಬೆನ್ನಮೇಲೆ ಕೂತ ಎದುರಾಳಿಯ ನೆನಪು ಇರಬೇಕಾಗಿಲ್ಲ. ಅವರಿಗೆ ಬೇಕಾದ್ದು ಆರೋಗ್ಯ, ಅದು ಸಿಕ್ಕಿದೆ.

ಇದೇ ಕಾಲದಲ್ಲಿ ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಇದ್ದರು. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವಾಗಿ ಕನ್ನಡಿಗರಿಗೆ ಗೊತ್ತಿರುವ ಇವರು ಮೊದಲು ಹೆಸರಾಗಿದ್ದು ಅಂಗಸಾಧನೆಯಲ್ಲಿ. ಹರ್ಕ್ಯುಲಿಸ್ ಹೆಸರಿನ ವ್ಯಾಯಾಮಶಾಲೆ ನಡೆಸಿದರು, ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದರು, ಅಂಚೆಯ ಮೂಲಕವೂ ಪಾಠ ಕಳಿಸಿದರು. ದೂರದೂರಿನ ಶಿಷ್ಯನಿಗೆ ಚಿತ್ರ, ಪಟ್ಟಿ, ಸೂಚನೆ ಹೋಗುತ್ತಿದ್ದವು, ಅವನು ತನ್ನ ಕೋಣೆಯಲ್ಲಿ ಒಬ್ಬನೇ ಮಾಡಬೇಕು. ಇವತ್ತಿನ ಆನ್‌ಲೈನ್ ಕೋರ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಅಂಚೆಯವನು ಬರುವ ಹೊತ್ತಿನದು ಮಾತ್ರ. ಆದರೆ ಅಯ್ಯರ್ ಅಂಚೆಯಲ್ಲಿ ಕಳಿಸಿದ್ದು ಅಂಗಸೌಷ್ಠವದ ಪಾಠ, ಕುಸ್ತಿಯ ಪಟ್ಟುಗಳನ್ನಲ್ಲ. ಮೈ ಕಟ್ಟಲು ಅಂಚೆ ಸಾಕು ಎಂಬ ಲೆಕ್ಕ ಅವರಿಗೆ ಸರಿಯಾಗಿಯೇ ಇತ್ತು.

ಇನ್ನು ಮಲ್ಲಕಂಬ. ಮಾನಸೋಲ್ಲಾಸದ ಸ್ತಂಭಶ್ರಮದಿಂದ ಹೊರಟು, 19ನೇ ಶತಮಾನದ ಮೊದಲಲ್ಲಿ ಪೇಶ್ವೆ ಎರಡನೆಯ ಬಾಜೀರಾಯನ ಆಶ್ರಯದಲ್ಲಿದ್ದ ಬಾಳಂಭಟ್ಟ ದಾದಾ ದೇವಧರರ ಕೈಯಲ್ಲಿ ಮರುಹುಟ್ಟು ಪಡೆದ ಈ ವಿದ್ಯೆ ಕರ್ನಾಟಕದಲ್ಲಿ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿ, ಗದಗ ಜಿಲ್ಲೆಯ ಲಕ್ಷ್ಮೇಶ್ವರಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಕಂಬವನ್ನು ಎದುರಾಳಿ ಎಂದು ಭಾವಿಸಿ ತೊಡೆಯಲ್ಲಿ ಕಚ್ಚಿ, ಕಂಕುಳಲ್ಲಿ ಅವುಚಿ, ಕತ್ತಿಗೆ ಸುತ್ತಿ ಹಿಡಿಯುವುದು ಇದರ ಮೂಲ ಗುಟ್ಟು. ಹರಳೆಣ್ಣೆ ಸವರಿದ ಕಂಬ ಜಾರುತ್ತದೆ, ಬೆವರಿದ ಮೈ ಜಾರುವ ಹಾಗೆ. ಜಿಯು-ಜಿತ್ಸು ಕಲಿಯುವವನಿಗೆ ಕಾಲಿನ ಹಿಡಿತವೇ ಅರ್ಧ ವಿದ್ಯೆ. ಹಾಗಾಗಿ ಜೋಡಿ ಇಲ್ಲದವನಿಗೆ ನಮ್ಮ ಪರಂಪರೆ ಕೊಟ್ಟ ಅತ್ಯುತ್ತಮ ಸಾಧನ ಮಲ್ಲಕಂಬ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಆದರೆ ಅದು ಕುಸ್ತಿಯ ಸಹಾಯಕ ಸಾಧನೆಯಾಗಿದ್ದ ಕಾಲ ಮುಗಿದು ತನ್ನದೇ ಅಂಕಗಳುಳ್ಳ ಸ್ಪರ್ಧೆಯಾಗಿದೆ, 2022ರ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಇತ್ತು. ಕಂಬದ ಮೇಲೆ ಅದ್ಭುತವಾಗಿ ಆಡುವ ಮಕ್ಕಳಲ್ಲಿ ಬಹುಪಾಲು ಮಟ್ಟಿಗೆ ಇಳಿಯುವವರಲ್ಲ. ಇಲ್ಲೂ ಒಂಟಿ ಭಾಗ ಬೇರೆ ಮನೆ ಮಾಡಿಕೊಂಡಿತು.

ಈಗ ಜಪಾನಿನ ಕಡೆ ಹೋಗೋಣ. ಜಿಯು-ಜಿತ್ಸು ಅಲ್ಲಿಯದು, ಒಂದಲ್ಲ, ಹತ್ತಾರು ಪಂಥಗಳದು. ಅನೇಕ ಪಂಥಗಳಲ್ಲಿ ಕೊಲ್ಲುವಂಥ ಪಟ್ಟುಗಳಿದ್ದವು. ನಿಜವಾಗಿ ಹಾಕಿದರೆ ಜೊತೆಗಾರ ಉಳಿಯುವುದಿಲ್ಲ ಎಂಬ ಕಾರಣಕ್ಕೆ ಅವುಗಳನ್ನು ಮೊದಲೇ ಗೊತ್ತುಮಾಡಿದ ಚಲನೆಗಳಾಗಿ, ಎದುರಿನವನು ಬಿಟ್ಟುಕೊಡುವ ಹಾಗೆ, ಅಭ್ಯಾಸ ಮಾಡುತ್ತಿದ್ದರು. 1882ರಲ್ಲಿ ಟೋಕಿಯೊದ ಒಂದು ಬೌದ್ಧ ಗುಡಿಯಲ್ಲಿ ಹನ್ನೆರಡು ಚಾಪೆಯ ಜಾಗದಲ್ಲಿ ಕೊಡೊಕಾನ್ ಎಂಬ ಶಾಲೆ ತೆರೆದ ಜಿಗೊರೊ ಕಾನೊ ಮಾಡಿದ ಬದಲಾವಣೆ ಚಿಕ್ಕದಾಗಿ ಕಾಣುತ್ತದೆ. ಅಪಾಯದ ಪಟ್ಟುಗಳನ್ನು ಬದಿಗಿಟ್ಟ, ಉಳಿದವನ್ನು ಪೂರ್ತಿ ಬಲ ಹಾಕಿ, ಎದುರಿನವನೂ ಪೂರ್ತಿ ಬಲ ಹಾಕಿ ತಡೆಯುವಂತೆ ಆಡಿಸಿದ. ಭಯಂಕರ ಪಟ್ಟುಗಳನ್ನು ಬಿಟ್ಟ ಅವನ ಜೂಡೊ ಅವನ್ನು ಇಟ್ಟುಕೊಂಡವರಿಗಿಂತ ಗಟ್ಟಿಯಾಯಿತು. ಒಂಟಿ ಅಭ್ಯಾಸದ ಬಗ್ಗೆ ಯೋಚಿಸುವವರೆಲ್ಲ ಈ ವಿಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಗಾಳಿಯಲ್ಲಿ ಹಾಕಿದ ಕೊಲ್ಲುವ ಪಟ್ಟಿಗಿಂತ, ತಡೆಯುವ ಮನುಷ್ಯನ ಮೇಲೆ ಹಾಕಿ ಹಾಕಿ ರೂಢಿಯಾದ ಸಾಧಾರಣ ಪಟ್ಟು ಮೇಲು.

ಹಾಗೆಂದು ಕಾನೊ ಒಂಟಿ ಸಾಧನೆಯನ್ನು ತಳ್ಳಿಹಾಕಲಿಲ್ಲ. ಬೀಳುವ ವಿದ್ಯೆಯನ್ನು ಮೊದಲು ಒಬ್ಬೊಬ್ಬರೇ ಕಲಿಯಬೇಕು: ಗದ್ದ ಎದೆಗೆ ತಾಗಿಸಿ, ಬೆನ್ನು ಗುಂಡಗೆ ಮಾಡಿ, ಅಂಗೈಯಿಂದ ನೆಲ ಬಡಿದು ಪೆಟ್ಟು ಹಂಚಿಕೊಳ್ಳುವುದು. ಮನೆಯಲ್ಲಿ ಒಬ್ಬರೇ ಮಾಡುವ ದೇಹಶಿಕ್ಷಣದ ಕ್ರಮವನ್ನೂ ಕೊನೆಯ ವರ್ಷಗಳಲ್ಲಿ ರೂಪಿಸಿದ. ಕೊಡೊಕಾನಿನಿಂದ ಹೊರಟ ಮಿತ್ಸುಯೊ ಮಯೇದಾ 1914ರಲ್ಲಿ ಬ್ರೆಜಿಲ್ ಸೇರಿ ಗ್ರೇಸಿ ಮನೆತನದ ಕಾರ್ಲೋಸನಿಗೆ ಕಲಿಸಿದ್ದು, ಅದು ಬ್ರೆಜಿಲಿನ ಜಿಯು-ಜಿತ್ಸು ಆಗಿ ಬೆಳೆದದ್ದು ಬೇರೆ ಕತೆ. ಭಾರತಕ್ಕೂ ಜೂಡೊ ಬೇಗ ಬಂತು. ರವೀಂದ್ರನಾಥ ಟಾಗೋರರ ಕರೆಗೆ ಓಗೊಟ್ಟು ಶಿಂಜೊ ತಕಗಾಕಿ 1929ರಲ್ಲಿ ಶಾಂತಿನಿಕೇತನಕ್ಕೆ ಬಂದು ಕಲಿಸಿದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಜಿಯು-ಜಿತ್ಸು ಸ್ಪರ್ಧೆಯಾಗಿ ಸೇರಿತು. ನಮ್ಮ ಹಳ್ಳಿಯ ಫೋನುಗಳಿಗೆ ಅದು ಬಂದ ದಾರಿಯಲ್ಲಿ ಇವೂ ಇವೆ.

ಒಂಟಿ ಅಭ್ಯಾಸದ ಪರ ವಾದಿಸುವವರು ಯಾವಾಗಲೂ ಎತ್ತುವ ಹೆಸರು ಮಸಾಹಿಕೊ ಕಿಮುರಾ. 1951ರ ಅಕ್ಟೋಬರ್ 23ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಹೆಲಿಯೊ ಗ್ರೇಸಿಯ ತೋಳು ತಿರುಚಿ ಗೆದ್ದವನು. ಆ ಪಟ್ಟನ್ನು ಜಿಯು-ಜಿತ್ಸುವಿನವರು ಇವತ್ತಿಗೂ ಕಿಮುರಾ ಎಂದೇ ಕರೆಯುತ್ತಾರೆ. ಈತ ತರುಣನಾಗಿದ್ದಾಗ ಮರವೊಂದಕ್ಕೆ ನಡುಪಟ್ಟಿ ಸುತ್ತಿ, ಅದನ್ನೇ ಎದುರಾಳಿಯ ಕೊರಳಪಟ್ಟಿಯೆಂದು ಹಿಡಿದು, ಕಾಲು ಹಿಂದಿನಿಂದ ಬೀಸಿ ಕೆಡಹುವ ತನ್ನ ಪ್ರಿಯ ಪಟ್ಟನ್ನು ದಿನಕ್ಕೆ ಸಾವಿರ ಸಲ ಹಾಕುತ್ತಿದ್ದೆನೆಂದು ಬರೆದುಕೊಂಡಿದ್ದಾನೆ. ಮರ ಬೀಳಲಿಲ್ಲ. ಆಮೇಲೆ ಮನುಷ್ಯರು ಬೀಳತೊಡಗಿದರು.

ತೆಂಗಿನ ಸೀಮೆಯ ಹುಡುಗನಿಗೆ ಇದಕ್ಕಿಂತ ಆಸೆ ಹುಟ್ಟಿಸುವ ಕತೆ ಬೇಕೆ! ಮರಕ್ಕೇನು ಕೊರತೆ? ಕಿಬ್ಬನಹಳ್ಳಿ ಕ್ರಾಸಿನಿಂದ ತುರುವೇಕೆರೆಯವರೆಗೆ, ಈ ಕಡೆ ಚಿಕ್ಕನಾಯಕನಹಳ್ಳಿಯವರೆಗೆ ಸಾಲು ಸಾಲು ನಿಂತಿವೆ. ಆದರೆ ಕತೆಯ ಮುಂಭಾಗವನ್ನೂ ಓದಬೇಕು. ಕಿಮುರಾ ಮರದ ಹತ್ತಿರ ಹೋಗಿದ್ದು 1935ರಲ್ಲಿ ದೊಡ್ಡ ಜೂಡೊಪಟುಗಳ ಕೈಯಲ್ಲಿ ಸೋತು ಬಂದ ಮೇಲೆ. ಎಲ್ಲಿ ತನ್ನ ಹೆಜ್ಜೆ ತಡವಾಯಿತು, ಎಲ್ಲಿ ಬಲ ಸಾಲಲಿಲ್ಲ ಎಂಬುದನ್ನು ಮನುಷ್ಯರು ಅವನಿಗೆ ಹೇಳಿಕೊಟ್ಟಿದ್ದರು. ಮರದಿಂದ ಅವನು ಪಡೆದದ್ದು ಬಲ ಮತ್ತು ಪುನರಾವರ್ತನೆ. ಮರದ ಕೆಲಸದ ಜೊತೆಗೆ ದಿನವೂ ಗಂಟೆಗಟ್ಟಲೆ ಜೋಡಿ ಆಟವೂ ಇರುತ್ತಿತ್ತು. ಪ್ರಶ್ನೆ ಗೊತ್ತಿದ್ದವನಿಗೆ ಮರ ಉತ್ತರ ಕೊಟ್ಟಿತು. ಯಾರ ಕೈಯಲ್ಲೂ ಒಮ್ಮೆಯೂ ಸೋಲದವನು ಮರವನ್ನು ತಬ್ಬಿಕೊಂಡರೆ ಸಿಗುವುದು ಮರ ಮಾತ್ರ.

ತೆಂಗಿನ ಮರದ ವಿಷಯದಲ್ಲಿ ಎರಡು ಎಚ್ಚರಿಕೆ ಬೇರೆ. ಒಂದು, ತಲೆ ಮೇಲೆ ನೋಡಬೇಕು. ಕೊಬ್ಬರಿಗೆಂದು ಪೂರ್ತಿ ಬಲಿಯಲು ಬಿಟ್ಟ ಕಾಯಿ, ಒಣಗಿದ ಗರಿ ಯಾವಾಗ ಬೀಳುತ್ತದೆಂದು ಹೇಳಲಾಗದು, ಮರ ಅಲುಗಿಸುವವನಿಗಂತೂ ಹೇಳಲೇ ಆಗದು. ಎರಡು, ಕಾಂಡಕ್ಕೆ ಗಾಯವಾದರೆ ಆ ಗಾಯದಿಂದ ಕಾಂಡ ಸೋರುವ ರೋಗ ಹತ್ತುತ್ತದೆ. ಹಗ್ಗ ಉಜ್ಜಿ ಉಜ್ಜಿ ಸಿಪ್ಪೆ ಎದ್ದುಬಂದರೆ ಅಪ್ಪನ ಕೈಯಲ್ಲಿ ಬೀಳುವ ಪಟ್ಟುಗಳಿಗೆ ಯಾವ ಜಪಾನಿ ಹೆಸರೂ ಇಲ್ಲ. ಹಳೆಯ ಟ್ರ್ಯಾಕ್ಟರ್ ಟ್ಯೂಬನ್ನು ಗೋಣಿಯ ಮೇಲೆ ಸುತ್ತಿ ಕಟ್ಟಿದರೆ ಮರಕ್ಕೂ ಕ್ಷೇಮ, ಎಳೆತಕ್ಕೂ ಒಳ್ಳೆಯದು.

ಇನ್ನು ಜಿಯು-ಜಿತ್ಸುವಿನ ತಿರುಳಿಗೆ ಬರೋಣ, ಏಕೆಂದರೆ ಇಲ್ಲಿ ಅದು ನಮ್ಮ ಕುಸ್ತಿಯಿಂದ ಪೂರ್ತಿ ಬೇರೆ ದಾರಿ ಹಿಡಿಯುತ್ತದೆ. ಮಟ್ಟಿಯಲ್ಲಿ ಬೆನ್ನು ನೆಲಕ್ಕೆ ಹತ್ತಿತೆಂದರೆ ಚಿತ್, ಆಟ ಮುಗಿಯಿತು. ಜಿಯು-ಜಿತ್ಸುವಿನಲ್ಲಿ ಬೆನ್ನು ನೆಲಕ್ಕೆ ಹತ್ತಿದ ಮೇಲೆಯೇ ಅರ್ಧ ಆಟ ಶುರು. ಕೆಳಗೆ ಬಿದ್ದವನು ಕಾಲುಗಳಿಂದ ಮೇಲಿನವನನ್ನು ಕಟ್ಟಿಹಾಕಿ ಕೈಯನ್ನೋ ಕತ್ತನ್ನೋ ಹಿಡಿಯಬಹುದು. ಆದ್ದರಿಂದ ಗರಡಿಯ ಸಾಮಿನಲ್ಲಿ ಬೋರಲು ಬಿದ್ದವನಿಗೆ ಬೇಕಾದ್ದೆಲ್ಲ ಇದೆ, ಅಂಗಾತ ಬಿದ್ದವನಿಗೆ ಬೇಕಾದ್ದು ಹೆಚ್ಚಿಲ್ಲ. ಈ ಕೊರತೆ ತುಂಬಲು ಜಿಯು-ಜಿತ್ಸುವಿನ ಒಂಟಿ ಚಲನೆಗಳೇ ಬೇಕು, ಅವು ಫೋನು ನೋಡಿ ಕಲಿಯಬಲ್ಲವೂ ಹೌದು.

ಅವುಗಳಲ್ಲಿ ಮೊದಲನೆಯದು ಸೀಗಡಿ ಚಲನೆ. ಅಂಗಾತ ಮಲಗಿ, ಎರಡೂ ಮಂಡಿ ಮಡಚಿ ಪಾದ ನೆಲಕ್ಕೆ ಊರಿ. ಒಂದು ಪಾದದ ಮೇಲೆ ಭಾರ ಹಾಕಿ ಸೊಂಟವನ್ನು ಎರಡು ಬೆರಳಷ್ಟು ಎತ್ತಿ, ಪಕ್ಕಕ್ಕೆ ಹೊರಳುತ್ತಲೇ ಸೊಂಟವನ್ನು ಹಿಂದಕ್ಕೆ ದೂಡಿ. ಕೈಗಳು ಮುಂದೆ, ಎದುರಾಳಿಯ ಸೊಂಟವನ್ನೂ ಹೆಗಲನ್ನೂ ತಳ್ಳುವ ಜಾಗದಲ್ಲಿರಬೇಕು. ಮೈ ಡೊಂಕಾಗುತ್ತದೆ, ತಲೆ ಇದ್ದಲ್ಲೇ ಇರುತ್ತದೆ, ಸೊಂಟ ಜಾಗ ಬಿಟ್ಟು ಹೋಗಿರುತ್ತದೆ. ಕಲಿಯುವವರೆಲ್ಲ ಮಾಡುವ ತಪ್ಪು ಒಂದೇ: ಸೊಂಟ ಎತ್ತದೆ ಬೆನ್ನು ಉಜ್ಜಿಕೊಂಡು ತೆವಳುವುದು. ಮಣ್ಣಿನ ಮೇಲೆ ಮಾಡಿದರೆ ತಪ್ಪು ತಾನೇ ಕಾಣುತ್ತದೆ. ಸರಿಯಾಗಿ ಮಾಡಿದವನ ಹಿಂದೆ ಬಿಡಿಬಿಡಿ ಗುರುತು ಬೀಳುತ್ತದೆ, ತೆವಳಿದವನ ಹಿಂದೆ ಒಂದೇ ಉದ್ದ ಗೀರು. ಎರಡನೆಯದು ಸೇತುವೆ: ಪಾದ ಊರಿ ಸೊಂಟವನ್ನು ಜೋರಾಗಿ ಮೇಲೆ ಚಿಮ್ಮಿಸಿ ಒಂದು ಹೆಗಲಿನ ಮೇಲೆ ತಿರುಗುವುದು. ಮೂರನೆಯದು, ಕೂತಲ್ಲಿಂದ ಒಂದು ಕೈ ಹಿಂದೆ ಊರಿ, ಇನ್ನೊಂದು ಕೈ ಮುಖಕ್ಕೆ ಅಡ್ಡ ಹಿಡಿದು, ಊರಿದ ಕೈಗೂ ಪಾದಕ್ಕೂ ನಡುವಿನಿಂದ ಇನ್ನೊಂದು ಕಾಲು ಹಿಂದೆ ಎಳೆದು ಎದ್ದು ನಿಲ್ಲುವುದು. ಈ ಮೂರನ್ನು ಯಾರೂ ಇಲ್ಲದೆ ಚೆನ್ನಾಗಿ ಕಲಿಯಬಹುದು. ಹೊಸಬನೊಬ್ಬ ಕೇಂದ್ರಕ್ಕೆ ಹೋದರೆ ಮೊದಲ ವಾರಗಳಲ್ಲಿ ಬೆವರು ಸುರಿಸುವುದು ಇವಕ್ಕೇ. ಇವನ್ನು ಊರಲ್ಲೇ ಮುಗಿಸಿಕೊಂಡು ಹೋದವನಿಗೆ ಅಷ್ಟು ಲಾಭ.

ಆದರೆ ಸೀಗಡಿಯನ್ನು ಯಾವ ಗಳಿಗೆಯಲ್ಲಿ ಮಾಡಬೇಕು? ಮೇಲೆ ಕೂತವನು ಭಾರವನ್ನು ಒಂದು ಮಂಡಿಯಿಂದ ಇನ್ನೊಂದಕ್ಕೆ ಬದಲಿಸುವ ಅರ್ಧ ಉಸಿರಿನ ಹೊತ್ತಿನಲ್ಲಿ. ಅದು ಕಣ್ಣಿಗೆ ಕಾಣುವುದಿಲ್ಲ, ಹೊಟ್ಟೆಯ ಚರ್ಮಕ್ಕೆ ಗೊತ್ತಾಗುತ್ತದೆ. ಎಪ್ಪತ್ತು ಕಿಲೋ ಭಾರ ಎದೆ ಮೇಲೆ ಕೂತಾಗ ಮೊದಲು ಬರುವುದು ಗಾಬರಿ, ಉಸಿರು ಕಟ್ಟಿದ ಹಾಗೆ, ಕಲಿತದ್ದೆಲ್ಲ ಮರೆತ ಹಾಗೆ. ಆ ಗಾಬರಿ ಇಳಿಯುವುದಕ್ಕೆ ಭಾರವನ್ನು ಮತ್ತೆ ಮತ್ತೆ ಹೊರುವುದೊಂದೇ ಔಷಧ. ಒಂಟಿ ಅಭ್ಯಾಸಕ್ಕೆ ಈ ಕಡೆಯ ಬಾಗಿಲು ಪೂರ್ತಿ ಮುಚ್ಚಿದೆ.

ಏಕಲವ್ಯನ ಉದಾಹರಣೆ ಕೊಡುವವರಿದ್ದಾರೆ. ಮಣ್ಣಿನ ದ್ರೋಣನ ಮುಂದೆ ಒಬ್ಬನೇ ಕಲಿತು ಅರ್ಜುನನನ್ನು ಮೀರಿಸಲಿಲ್ಲವೇ ಎಂದು. ಮೀರಿಸಿದ, ಏಕೆಂದರೆ ಅದು ಬಿಲ್ವಿದ್ಯೆ. ಗುರಿ ತಪ್ಪಿದರೆ ಬಾಣವೇ ಹೇಳುತ್ತದೆ, ಮತ್ತೆ ಹೂಡಬಹುದು. ಮಲ್ಲಯುದ್ಧದಲ್ಲಿ ಏಕಲವ್ಯನಿಲ್ಲ ಎಂಬುದನ್ನು ಗಮನಿಸಿ. ಭೀಮನಿಗೆ ಜರಾಸಂಧ ಬೇಕು, ಕೀಚಕ ಬೇಕು. ಪಂಪನ 'ಆದಿಪುರಾಣ'ದ ಭರತ ಬಾಹುಬಲಿಯರ ನಡುವೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರೂ ನಡೆಯುತ್ತವೆ. ಒಂದಕ್ಕೂ ಒಬ್ಬ ಸಾಲುವುದಿಲ್ಲ. ಅರಳಗುಪ್ಪೆಯ ಕಲ್ಲೇಶ್ವರನ ಗುಡಿಯ ಒಳಮಾಳಿಗೆಯಲ್ಲಿ ಸಾವಿರ ವರ್ಷದಿಂದ ಕುಣಿಯುತ್ತಿರುವ ಶಿವನಿಗೆ ಸುತ್ತ ದಿಕ್ಪಾಲಕರು ಬರೀ ನೋಡಲು ಇದ್ದರೆ ಸಾಕು. ಅವನದು ಕುಣಿತ, ಒಂದೇ ಮೈಯಲ್ಲಿ ಪೂರ್ತಿಯಾಗುವ ವಿದ್ಯೆ.

ಮನಸ್ಸಿನಲ್ಲೇ ಪಟ್ಟು ಹಾಕಿ ನೋಡುವುದರಿಂದ ಪ್ರಯೋಜನವಿದೆಯೇ ಎಂಬ ಪ್ರಶ್ನೆಗೆ ಸಂಶೋಧಕರ ಉತ್ತರ ಬೇರೆ ಕಡೆಯಿಂದ ಬಂದು ಇದೇ ಮಾತಿಗೆ ಸೇರುತ್ತದೆ. ಡೆಬೊರಾ ಫೆಲ್ಟ್ಸ್, ಡೇನಿಯಲ್ ಲ್ಯಾಂಡರ್ಸ್ 1983ರಲ್ಲಿ ಹಿಂದಿನ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಮನಸ್ಸಿನಲ್ಲಿ ಅಭ್ಯಾಸ ಮಾಡುವುದು ಏನೂ ಮಾಡದಿರುವುದಕ್ಕಿಂತ ಮೇಲು ಎಂದು ಕಂಡಿತು. ಮೈಯಿಂದ ಮಾಡುವುದರ ಸ್ಥಾನವನ್ನು ಅದು ತುಂಬುವುದಿಲ್ಲ. ಮೈಗೆ ಗೊತ್ತಿಲ್ಲದ ಪಟ್ಟನ್ನು ಮನಸ್ಸಿನಲ್ಲಿ ಹಾಕಿದರೆ ಎದುರಾಳಿ ಯಾವಾಗಲೂ ನಾವು ಅಂದುಕೊಂಡ ಕಡೆಗೇ ಬೀಳುತ್ತಾನೆ ನೋಡಿ, ಅಲ್ಲೇ ತೊಂದರೆ.

ಬೊಂಬೆಯ ವಿಷಯ ಹೇಳಬೇಕು. ಅಂಗಡಿಯಲ್ಲಿ ಸಿಗುವ ಅಭ್ಯಾಸದ ಬೊಂಬೆಗೆ ಸಾವಿರಾರು ರೂಪಾಯಿ. ತೆಂಗಿನ ಸೀಮೆಯವನಿಗೆ ಆ ಖರ್ಚು ದಂಡ. ಹಳೆಯ ಜೀನ್ಸ್ ಪ್ಯಾಂಟು, ಗಟ್ಟಿ ಅಂಗಿ, ಒಳಗೆ ತುಂಬಲು ತೆಂಗಿನ ನಾರು. ಬರೀ ನಾರು ಹಗುರ, ಆದ್ದರಿಂದ ಸೊಂಟದ ಜಾಗದಲ್ಲಿ ಮರಳಿನ ಸಣ್ಣ ಚೀಲ ಇಟ್ಟು ಹೊಲಿಯಬೇಕು. ನಾರಿನ ಪುಡಿ ತುಂಬಿದರೆ ಮಳೆಗಾಲದಲ್ಲಿ ತೇವ ಎಳೆದು ಕಲ್ಲಾಗುತ್ತದೆ, ಬೇಡ. ಬೊಂಬೆಯ ಮೇಲೆ ಕೂತು ಈ ಪಕ್ಕದಿಂದ ಆ ಪಕ್ಕಕ್ಕೆ ದಾಟುವುದು, ಮಂಡಿ ಹೊಟ್ಟೆಯ ಮೇಲೆ ಊರುವುದು, ತೋಳು ಹಿಡಿದು ಹಿಂದಕ್ಕೆ ಒರಗುವ ಹೆಜ್ಜೆಗಳನ್ನು ಕ್ರಮವಾಗಿ ಇಡುವುದು, ಇಷ್ಟಕ್ಕೆ ಅದು ಚೆನ್ನಾಗಿ ಒದಗುತ್ತದೆ. ಮೇಲಿರುವವನ ಆಟಕ್ಕೆ ಬೊಂಬೆ ಸರಿ, ಕೆಳಗಿರುವವನ ಆಟಕ್ಕೆ ನಿಷ್ಪ್ರಯೋಜಕ. ಬೊಂಬೆ ಯಾರ ಮೇಲೂ ಕೂರುವುದಿಲ್ಲ.

ಒಬ್ಬನೇ ಇರುವಾಗ ಮಾಡಲೇಬಾರದ್ದು ಒಂದಿದೆ. ಕತ್ತು ಬಿಗಿಯುವ ಪಟ್ಟನ್ನು ತನ್ನ ಮೇಲೆ ತಾನೇ, ಹಗ್ಗದಿಂದಲೋ ಪಟ್ಟಿಯಿಂದಲೋ, ಹಾಕಿ ನೋಡಬಾರದು. ಮಿದುಳಿಗೆ ಹೋಗುವ ರಕ್ತ ತಡೆದರೆ ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ತಪ್ಪುತ್ತದೆ. ಜೋಡಿ ಇದ್ದರೆ ಬಿಡುತ್ತಾನೆ, ಹಗ್ಗ ಬಿಡುವುದಿಲ್ಲ. ಕತ್ತಿನ ಮೇಲೆ ಪೂರ್ತಿ ಭಾರ ಹಾಕುವ ಸೇತುವೆಯನ್ನೂ ನೋಡಿ ತಿದ್ದುವವರು ಇಲ್ಲದೆ ಶುರುಮಾಡುವುದು ಬೇಡ.

ಜೋಡಿ ಸಿಗದ ಸಂಕಟ ಎಲ್ಲರಿಗೂ ಒಂದೇ ಅಳತೆಯದಲ್ಲ. ಗರಡಿಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲೇ ಇಲ್ಲ. ಈಗ ಶಾಲೆಯ ಕುಸ್ತಿ, ಜೂಡೊ ಪಂದ್ಯಗಳಲ್ಲಿ ಹುಡುಗಿಯರಿದ್ದಾರೆ, ಹಾಸ್ಟೆಲಿನ ಹುಡುಗಿಯರಿಗೆ ಸರ್ಕಾರ ಓಬವ್ವನ ಹೆಸರಿನಲ್ಲಿ ಆತ್ಮರಕ್ಷಣೆಯ ತರಬೇತಿಯನ್ನೂ ಕೊಡಿಸಿದೆ. ಆದರೆ ಸಾಲಾಗಿ ನಿಂತು ಗಾಳಿಗೆ ಗುದ್ದುವುದು ಒಂಟಿ ಅಭ್ಯಾಸವೇ, ನೂರು ಜನ ಒಟ್ಟಿಗೆ ಮಾಡಿದರೂ. ಮುಂಗೈ ಹಿಡಿದವನು ನಿಜವಾಗಿ ಬಿಡದೆ ಹಿಡಿದಾಗ ಏನಾಗುತ್ತದೆಂದು ಒಮ್ಮೆಯೂ ತಿಳಿಯದ ಹುಡುಗಿಗೆ ಪ್ರಮಾಣಪತ್ರ ಕೊಟ್ಟು ಕಳಿಸುವುದು ಹುಸಿ ಧೈರ್ಯ ಕೊಟ್ಟ ಹಾಗೆ. ಅಕ್ಕ ತಂಗಿಯರಿಬ್ಬರು ಬಾಗಿಲು ಹಾಕಿಕೊಂಡು ಹಜಾರದಲ್ಲಿ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು ಬಿಡಿಸಿಕೊಂಡರೂ ಅದಕ್ಕಿಂತ ಹೆಚ್ಚು ಕಲಿಯುತ್ತಾರೆ.

ಹಾಗಾಗಿ ಕೊನೆಗೆ ಪ್ರಶ್ನೆ ಜೋಡಿಯನ್ನು ಎಲ್ಲಿಂದ ತರುವುದು ಎಂಬಲ್ಲಿಗೇ ಬರುತ್ತದೆ. ಹಳೆಯ ಕಾಲದ ಹಳ್ಳಿ ಪೈಲ್ವಾನನಿಗೂ ಊರಲ್ಲಿ ಸರಿಜೋಡಿ ಸಿಗುತ್ತಿರಲಿಲ್ಲ. ವರ್ಷವಿಡೀ ಸಾಮು ಮಾಡಿಕೊಂಡು ಜಾತ್ರೆಯ ಕುಸ್ತಿಗೆ ಹೋಗುತ್ತಿದ್ದ. ಮೈಸೂರು ದಸರಾ ಕುಸ್ತಿಗೆ ಮುನ್ನ ಈಗಲೂ ಜೋಡಿ ಕಟ್ಟುವ ದಿನವೊಂದಿದೆ. ಬೇರೆ ಬೇರೆ ಊರುಗಳಿಂದ ಬಂದವರ ಎತ್ತರ, ತೂಕ, ಪಳಗಿದ ಮಟ್ಟ ನೋಡಿ ಹಿರಿಯ ಪೈಲ್ವಾನರು ಇಬ್ಬಿಬ್ಬರನ್ನು ಕೂಡಿಸುತ್ತಾರೆ. ಕೊಬ್ಬರಿ ಹರಾಜಿಗೆ ತಿಪಟೂರಿಗೆ ಬರುವ ಹಳ್ಳಿಗಳಲ್ಲಿ, ಕಾಲೇಜಿಗೆ ಬಸ್ಸು ಹತ್ತುವ ಹುಡುಗರಲ್ಲಿ, ಫೋನು ನೋಡಿ ಒಬ್ಬೊಬ್ಬರೇ ಸೀಗಡಿ ಹೊಡೆಯುತ್ತಿರುವವರು ನಾಲ್ಕಾರು ಜನ ಇಲ್ಲದಿರಲಾರರು. ವಾರಕ್ಕೊಂದು ಸಂಜೆ ಅವರು ಒಂದೆಡೆ ಸೇರಿದರೆ ಉಳಿದ ಆರು ದಿನದ ಒಂಟಿ ಅಭ್ಯಾಸಕ್ಕೆ ಏನು ಮಾಡಬೇಕೆಂಬುದು ಆ ಸಂಜೆಯೇ ಗೊತ್ತಾಗುತ್ತದೆ. ಬೇಕಾದ್ದು ನೆಲಕ್ಕೆ ನಾಲ್ಕು ಬೆರಳು ದಪ್ಪ ನಾರು, ಮೇಲೆ ಬಿಗಿದು ಕಟ್ಟಿದ ತಾಡಪಾಲು, ಉಗುರು ಕತ್ತರಿಸಿಕೊಂಡು ಬರಬೇಕೆಂಬ ಕಟ್ಟುಪಾಡು, ಮತ್ತೆ ಎದುರಿನವನು ಅಂಗೈಯಿಂದ ಎರಡು ಸಲ ತಟ್ಟಿದರೆ ತಕ್ಷಣ ಬಿಡಬೇಕೆಂಬ ನಿಯಮ.